ನೀರು ಒಂದೇ, ಅನುದಾನ ಹಲವು



ಬಳ್ಳಾರಿ ಜಿಲ್ಲೆಯ ನಕ್ಷೆಯೊಂದನ್ನು ಎದುರಿಗೆ ಹರಡಿಕೊಳ್ಳಿ. ಜಿಲ್ಲೆಯ ಉತ್ತರದ ಅಂಚಿನಲ್ಲಿ ಸಿರುಗುಪ್ಪ ತಾಲ್ಲೂಕು ಕಾಣುತ್ತದೆ. ತುಂಗಭದ್ರಾ ನದಿ ಈ ತಾಲ್ಲೂಕಿನ ಎಲ್ಲೆಗುಂಟ ಹರಿಯುತ್ತದೆ. ದಕ್ಷಿಣದಿಂದ ಬರುವ ವೇದಾವತಿ, ಅಂದರೆ ಜನರ ಬಾಯಲ್ಲಿ ಹಗರಿ, ಇದೇ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಕೂಡಿಕೊಳ್ಳುತ್ತದೆ. ಸಿರುಗುಪ್ಪ ಪಟ್ಟಣದ ಹತ್ತಿರವೇ ದೇಶನೂರು ಎಂಬ ಊರಿದೆ. ತುಂಗಭದ್ರೆ ಇಲ್ಲಿ ಕವಲೊಡೆದು ದೇಶನೂರಿನ ನಡುಗಡ್ಡೆಯನ್ನು ಬಳಸಿ ಹರಿಯುತ್ತದೆ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ವರ್ಣಿಸುತ್ತದೆ. ವಿಜಯನಗರದ ಅರಸರ ಕಾಲದಿಂದ ಬಂದ ಕಾಲುವೆಗಳ ಪಟ್ಟಿಯಲ್ಲಿ ರಾಯ, ಬಸವ, ತುರ್ತಾ, ಕಂಪ್ಲಿ, ಸಿರುಗುಪ್ಪ ಕಾಲುವೆಗಳ ಜೊತೆಗೆ ದೇಶನೂರು ಕಾಲುವೆಯ ಹೆಸರೂ ಇದೆ. ಸಿರುಗುಪ್ಪ ಎಂದರೆ ಸಿರಿಯ ಗುಪ್ಪೆ, ಸಂಪತ್ತಿನ ರಾಶಿ ಎಂದು ಹೇಳುವುದುಂಟು. ಸುತ್ತಲೂ ಬೆಂಗಾಡಾದ ನಾಡಿನಲ್ಲಿ ಹಸಿರು ಗದ್ದೆಗಳನ್ನು ಕಂಡವರು ಹಾಗೆ ಕರೆದಿದ್ದರೆ ಆಶ್ಚರ್ಯವಿಲ್ಲ.

ಈಗ ಒಂದು ಸರಳವಾದ ಪ್ರಶ್ನೆ. ದೇಶನೂರಿನ ನೀರು ಎಲ್ಲಿಂದ ಬರುತ್ತದೆ? ಕಾಲುವೆಯಿಂದ ಎಂದು ಒಬ್ಬರು ಹೇಳಬಹುದು, ಅಣೆಕಟ್ಟಿನಿಂದ ಎಂದು ಇನ್ನೊಬ್ಬರು ಹೇಳಬಹುದು. ಆದರೆ ಭೂಗೋಳ ಓದುವ ವಿದ್ಯಾರ್ಥಿ ಇನ್ನೂ ಮೇಲಕ್ಕೆ ಹೋಗಬೇಕು. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ, ಹರಿಹರವನ್ನು ದಾಟಿ, ಹೊಸಪೇಟೆಯ ಅಣೆಕಟ್ಟಿಗೆ ಬರುತ್ತವೆ. ಆ ಅಣೆಕಟ್ಟಿಗೆ ನೀರು ಕೊಡುವ ಜಲಾನಯನ ಪ್ರದೇಶದ ವಿಸ್ತೀರ್ಣವೇ ಸುಮಾರು 28,000 ಚದರ ಕಿಲೋಮೀಟರು. ಅತ್ತ ಹಗರಿಯು ಚಿತ್ರದುರ್ಗದ ಒಣನಾಡನ್ನು ಹಾದು ಬರುತ್ತದೆ. ಅಂದಮೇಲೆ ಮಲೆನಾಡಿನ ಒಂದು ಗುಡ್ಡದ ಮೇಲೆ ಕಾಡು ಕಡಿದರೆ, ಹಾವೇರಿಯ ಒಂದು ಹೊಲದ ಬದು ಒಡೆದರೆ, ನದಿಯ ದಂಡೆಯ ಒಂದು ಪಟ್ಟಣ ತನ್ನ ಚರಂಡಿಯನ್ನು ಹೊಳೆಗೆ ತಿರುಗಿಸಿದರೆ, ಅದರ ಫಲ ಇಂದಲ್ಲ ನಾಳೆ ದೇಶನೂರಿನ ತನಕ ಇಳಿದು ಬರುತ್ತದೆ. ನದಿಯಲ್ಲಿ ಬರುವುದು ನೀರೊಂದೇ ಅಲ್ಲ. ಹೂಳು ಬರುತ್ತದೆ, ಲವಣ ಬರುತ್ತದೆ, ಗೊಬ್ಬರದ ಸಾರ ಬರುತ್ತದೆ, ಊರುಗಳ ಕೊಳೆ ಬರುತ್ತದೆ.

ಇದನ್ನೆಲ್ಲ ಸರಿಪಡಿಸಲು ಸರ್ಕಾರ ಹಣ ಕೊಡುತ್ತದೆ. ಆ ಹಣಕ್ಕೆ ಅನುದಾನ ಎಂದು ಹೆಸರು. ಈ ಅನುದಾನ ಯಾಕೆ ಕೊಡಬೇಕು, ಯಾವ ಲೆಕ್ಕದಲ್ಲಿ ಕೊಡುತ್ತಾರೆ, ಕೊಟ್ಟ ಹಣ ಯಾವಾಗ ಫಲಿಸುತ್ತದೆ, ಯಾವಾಗ ಮಣ್ಣುಪಾಲಾಗುತ್ತದೆ ಎಂಬುದೇ ಇಂದಿನ ಭಾಷಣದ ವಿಷಯ.

ಮೊದಲು ಅನುದಾನಕ್ಕೂ ಸಾಲಕ್ಕೂ ಇರುವ ವ್ಯತ್ಯಾಸವನ್ನು ತಿಳಿಯೋಣ. ರೈತನೊಬ್ಬ ತನ್ನ ಹೊಲದಲ್ಲಿ ಕೊಳವೆಬಾವಿ ತೋಡಿಸಿದರೆ ಅದರ ಲಾಭ ಅವನಿಗೆ. ಅದಕ್ಕೆ ಬ್ಯಾಂಕು ಸಾಲ ಕೊಡುತ್ತದೆ, ಅವನು ತೀರಿಸುತ್ತಾನೆ. ಆದರೆ ದಿಣ್ಣೆಯ ಮೇಲಿನ ರೈತ ತನ್ನ ಹೊಲಕ್ಕೆ ಬದು ಹಾಕಿ ನೀರು ಇಂಗಿಸಿದರೆ, ಆ ನೀರು ಊರುವುದು ತಗ್ಗಿನಲ್ಲಿರುವ ಮತ್ತೊಬ್ಬನ ಬಾವಿಯಲ್ಲಿ. ಅವನ ಬದು ತಡೆದ ಮಣ್ಣು ತುಂಬದೆ ಉಳಿಸುವುದು ಹತ್ತಾರು ಮೈಲಿ ಕೆಳಗಿನ ಕೆರೆಯನ್ನು. ಖರ್ಚು ಒಬ್ಬನದು, ಲಾಭ ಹಲವರದು. ಇಂಥ ಕೆಲಸವನ್ನು ಒಬ್ಬನ ಕಿಸೆಗೆ ಬಿಟ್ಟರೆ ಅದು ನಡೆಯುವುದಿಲ್ಲ. ಆದ್ದರಿಂದಲೇ ಎಲ್ಲರ ತೆರಿಗೆಯ ಹಣದಿಂದ ಅದನ್ನು ಮಾಡಿಸುತ್ತಾರೆ. ಅನುದಾನವೆಂದರೆ ದಾನವಲ್ಲ; ಕೆಳಗಿನವರು ಮೇಲಿನವರಿಗೆ ಸರ್ಕಾರದ ಮೂಲಕ ಸಲ್ಲಿಸುವ ಕೂಲಿ.

ಜಲಾನಯನ ಎಂಬ ಶಬ್ದವನ್ನು ನೀವು ಪಾಠಪುಸ್ತಕದಲ್ಲಿ ಓದಿರುತ್ತೀರಿ. ಒಂದು ಹಳ್ಳಕ್ಕೆ ಯಾವ ಯಾವ ಜಾಗದ ಮಳೆನೀರು ಹರಿದು ಬರುತ್ತದೆಯೋ ಆ ಎಲ್ಲ ಜಾಗವೂ ಆ ಹಳ್ಳದ ಜಲಾನಯನ. ಒಂದು ಹೆಕ್ಟೇರು ಭೂಮಿಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು 10,000 ಲೀಟರ್ ನೀರು. ಬಳ್ಳಾರಿಯ ಸರಾಸರಿ ವಾರ್ಷಿಕ ಮಳೆ ಹೆಚ್ಚುಕಡಿಮೆ 500 ಮಿಲಿಮೀಟರು. ಅಂದರೆ ನಮ್ಮ ಬರದ ನಾಡಿನಲ್ಲೂ ಪ್ರತಿ ಹೆಕ್ಟೇರಿನ ಮೇಲೆ ವರ್ಷಕ್ಕೆ 50 ಲಕ್ಷ ಲೀಟರ್ ನೀರು ಬೀಳುತ್ತದೆ. ಕಿರು ಜಲಾನಯನವೊಂದು ಸಾಮಾನ್ಯವಾಗಿ 500 ಹೆಕ್ಟೇರು ಇರುತ್ತದೆ. ಅದರ ಮೇಲೆ ಬೀಳುವ ಮಳೆ 250 ಕೋಟಿ ಲೀಟರ್. ಈ ನೀರು ನಿಧಾನವಾಗಿ ನಡೆದರೆ ಇಂಗುತ್ತದೆ, ಓಡಿದರೆ ಮಣ್ಣನ್ನು ಹೊತ್ತುಕೊಂಡು ಹೋಗುತ್ತದೆ. ಓಡುವ ನೀರನ್ನು ನಡೆಯಿಸುವುದು, ನಡೆಯುವ ನೀರನ್ನು ನಿಲ್ಲಿಸುವುದು, ನಿಂತ ನೀರನ್ನು ಇಂಗಿಸುವುದು: ಜಲಾನಯನ ಅಭಿವೃದ್ಧಿಯ ಸಾರವೆಲ್ಲ ಇಷ್ಟೇ. ಕೆಲಸ ಶುರುವಾಗಬೇಕಾದದ್ದು ಗುಡ್ಡದ ನೆತ್ತಿಯಿಂದ, ಮುಗಿಯಬೇಕಾದದ್ದು ಹಳ್ಳದ ತಳದಲ್ಲಿ. ತಳದಲ್ಲಿ ಮೊದಲು ತಡೆ ಅಣೆ ಕಟ್ಟಿದರೆ ಮೇಲಿನ ಮಣ್ಣೆಲ್ಲ ಬಂದು ಅದನ್ನೇ ತುಂಬುತ್ತದೆ.

ಆದರೆ ಯಾವ ಮಣ್ಣಿಗೆ ಯಾವ ಉಪಾಯ ಎಂಬುದನ್ನು ಅರಿಯದೆ ಹಣ ಸುರಿದರೆ ಏನಾಗುತ್ತದೆ? ಇದಕ್ಕೆ ಬಳ್ಳಾರಿಯ ಚರಿತ್ರೆಯಲ್ಲೇ ಒಂದು ಪಾಠವಿದೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸಮಪಾತಳಿ ಬದುಗಳನ್ನು ಹಾಕಿಸಲೆಂದೇ ಅಲ್ಲಿ 1949ರಲ್ಲಿ ಒಂದು ಕಾಯಿದೆ ಬಂತು. ಸಮಪಾತಳಿ ಬದು ಎಂದರೆ ಒಂದೇ ಎತ್ತರದ ರೇಖೆಗುಂಟ ಹಾಕುವ ಮಣ್ಣಿನ ಏರಿ. ಅದು ಬಿದ್ದ ನೀರನ್ನು ಅಲ್ಲಲ್ಲೇ ತಡೆದು ನಿಲ್ಲಿಸುತ್ತದೆ. ಕೆಂಪು ಮಣ್ಣಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಎರೆಭೂಮಿಯ ಸ್ವಭಾವವೇ ಬೇರೆ. ಬೇಸಿಗೆಯಲ್ಲಿ ಅದು ಬಾಯಿಬಿಟ್ಟು ಬಿರಿಯುತ್ತದೆ, ಮಳೆ ಬಿದ್ದೊಡನೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಬದುವಿನ ಹಿಂದೆ ನೀರು ಇಂಗದೆ ದಿನಗಟ್ಟಲೆ ನಿಂತು ಬೆಳೆ ಕೊಳೆಯುತ್ತದೆ; ಒಣಗಿದಾಗ ಬಿರಿದ ಬದು ಮುಂದಿನ ಮಳೆಗೆ ಒಡೆದುಹೋಗುತ್ತದೆ. ಹೀಗಾಗಿ ಆಳವಾದ ಎರೆಭೂಮಿಯಲ್ಲಿ ಈ ಬದುಗಳು ನಿಲ್ಲಲಿಲ್ಲ. 1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಇದನ್ನು ವರ್ಷಗಟ್ಟಲೆ ಅಳೆದು ನೋಡಿತು. ಎರೆಭೂಮಿಯಲ್ಲಿ ಬದುವಿಗೆ ಸ್ವಲ್ಪ ಇಳಿಜಾರು ಕೊಟ್ಟು, ಹೆಚ್ಚಾದ ನೀರನ್ನು ಹುಲ್ಲು ಬೆಳೆಸಿದ ದಾರಿಯಲ್ಲಿ ಮೆಲ್ಲಗೆ ಹೊರಗೆ ಬಿಡಬೇಕು, ಆ ನೀರನ್ನು ಹೊಂಡದಲ್ಲಿ ಹಿಡಿಯಬೇಕು ಎಂಬ ತಿಳಿವಳಿಕೆ ಇಂಥ ಪ್ರಯೋಗಗಳಿಂದ ಬಂತು. ಬಳ್ಳಾರಿಯ ಜೋಳದರಾಶಿ ಮತ್ತು ಚಿತ್ರದುರ್ಗ ಜಿಲ್ಲೆಯ ಜಿ.ಆರ್. ಹಳ್ಳಿಯ ಮಾದರಿ ಜಲಾನಯನಗಳು 1980ರ ದಶಕದಲ್ಲಿ ಇಂಥ ವಿಚಾರಗಳನ್ನು ಹೊಲದಲ್ಲಿ ಪರೀಕ್ಷಿಸಿದವು. ಹಣಕ್ಕಿಂತ ಮೊದಲು ಅಳತೆ ಬೇಕು ಎಂಬುದು ಇದರ ಪಾಠ.

ಈಗ ಹಣದ ಲೆಕ್ಕಕ್ಕೆ ಬರೋಣ. ಹನುಮಂತರಾವ್ ಸಮಿತಿಯ ಸಲಹೆಯಂತೆ ಕೇಂದ್ರ ಸರ್ಕಾರ 1995ರಿಂದ ಜಲಾನಯನ ಯೋಜನೆಗಳಿಗೆ ಹೊಸ ಮಾರ್ಗಸೂಚಿ ತಂದಿತು. ಆಗ ಹೆಕ್ಟೇರಿಗೆ ಸುಮಾರು 4,000 ರೂಪಾಯಿ. ಮುಂದೆ ಅದು 6,000 ಆಯಿತು. 2008ರ ಸಾಮಾನ್ಯ ಮಾರ್ಗಸೂಚಿಯಲ್ಲಿ ಬಯಲು ಪ್ರದೇಶಕ್ಕೆ 12,000 ಆಯಿತು. 2021ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಎರಡನೆಯ ಹಂತದ ಜಲಾನಯನ ಭಾಗದಲ್ಲಿ 22,000 ರೂಪಾಯಿ ಎಂದು ನಿಗದಿಯಾಯಿತು. ಕರ್ನಾಟಕದಂಥ ರಾಜ್ಯಕ್ಕೆ ಇದರಲ್ಲಿ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು.

ಒಂದು ಯೋಜನೆ 5,000 ಹೆಕ್ಟೇರು ವ್ಯಾಪಿಸುತ್ತದೆ ಎಂದುಕೊಳ್ಳಿ. ಹೆಕ್ಟೇರಿಗೆ 12,000 ಎಂದರೆ ಒಟ್ಟು ಆರು ಕೋಟಿ ರೂಪಾಯಿ. 2011ರಲ್ಲಿ ತಿದ್ದಿದ ಮಾರ್ಗಸೂಚಿಯ ಪ್ರಕಾರ ಈ ಆರು ಕೋಟಿ ಹೀಗೆ ಹಂಚಿಕೆಯಾಗುತ್ತಿತ್ತು. ಬದು, ತಡೆ ಅಣೆ, ಗಿಡ ನೆಡುವುದು ಮೊದಲಾದ ಜಲಾನಯನ ಕಾಮಗಾರಿಗಳಿಗೆ ಶೇಕಡಾ 56, ಅಂದರೆ 3 ಕೋಟಿ 36 ಲಕ್ಷ. ಬೆಳೆ ಪದ್ಧತಿ ಮತ್ತು ಕಿರು ಉದ್ಯಮಗಳಿಗೆ 60 ಲಕ್ಷ. ಭೂಮಿ ಇಲ್ಲದವರ ಜೀವನೋಪಾಯಕ್ಕೆ 54 ಲಕ್ಷ. ಆಡಳಿತಕ್ಕೆ 60 ಲಕ್ಷ. ತರಬೇತಿ ಮತ್ತು ಸಂಘಗಳನ್ನು ಕಟ್ಟುವುದಕ್ಕೆ 30 ಲಕ್ಷ. ಊರಿನವರ ವಿಶ್ವಾಸ ಗಳಿಸಲು ಆರಂಭದಲ್ಲಿ ಮಾಡುವ ಕೆಲಸಕ್ಕೆ 24 ಲಕ್ಷ. ಕೊನೆಯ ಹಂತದಲ್ಲಿ ಎಲ್ಲವನ್ನೂ ಗಟ್ಟಿಗೊಳಿಸಲು 18 ಲಕ್ಷ. ವಿವರವಾದ ಯೋಜನಾ ವರದಿಗೆ 6 ಲಕ್ಷ, ಮೇಲ್ವಿಚಾರಣೆಗೆ 6 ಲಕ್ಷ, ಮೌಲ್ಯಮಾಪನಕ್ಕೆ 6 ಲಕ್ಷ.

ಕೊನೆಯ ಮೂರು ಅಂಕಿಗಳನ್ನು ಮತ್ತೊಮ್ಮೆ ನೋಡಿ. ಮೊದಲು ತಿಳಿಯುವುದಕ್ಕೆ ನೂರರಲ್ಲಿ ಒಂದು, ನಡುವೆ ನೋಡುವುದಕ್ಕೆ ಒಂದು, ಕೊನೆಗೆ ಅಳೆಯುವುದಕ್ಕೆ ಒಂದು. ಕಟ್ಟುವುದಕ್ಕೆ ಐವತ್ತಾರು, ಅರಿಯುವುದಕ್ಕೆ ಮೂರು. ಎರೆಭೂಮಿಯ ಬದುಗಳ ಕಥೆಯನ್ನು ನೆನಪಿಟ್ಟುಕೊಂಡು ಈ ಹಂಚಿಕೆಯನ್ನು ನೋಡಿದರೆ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗದೆ ಇರದು.

ಹಾಗೆಂದು ಈ ಮಾರ್ಗಸೂಚಿಯಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ಗ್ರಾಮಸಭೆಯೇ ಜಲಾನಯನ ಸಮಿತಿಯನ್ನು ಆರಿಸಬೇಕು, ಅದರಲ್ಲಿ ಮಹಿಳೆಯರು, ಪರಿಶಿಷ್ಟರು, ಭೂರಹಿತರು ಇರಬೇಕು ಎಂದು ಅದು ಹೇಳಿತು. ಖಾಸಗಿ ಜಮೀನಿನಲ್ಲಿ ಮಾಡಿದ ಕೆಲಸಕ್ಕೆ ಜಮೀನಿನ ಒಡೆಯ ವೆಚ್ಚದ ಕನಿಷ್ಠ ಶೇಕಡಾ 10ನ್ನು, ಸಣ್ಣ ರೈತರು ಮತ್ತು ಪರಿಶಿಷ್ಟರಾದರೆ ಶೇಕಡಾ 5ನ್ನು, ಜಲಾನಯನ ಅಭಿವೃದ್ಧಿ ನಿಧಿಗೆ ಕಟ್ಟಬೇಕು ಎಂದಿತು. ಯೋಜನೆ ಮುಗಿದು ಅಧಿಕಾರಿಗಳು ಹೋದ ಮೇಲೆ ಒಡೆದ ಬದುವನ್ನು ಕಟ್ಟಲು, ತುಂಬಿದ ಹೂಳನ್ನು ತೆಗೆಯಲು ಈ ನಿಧಿ. ನಿಮ್ಮ ಊರಿನಲ್ಲಿ ಜಲಾನಯನ ಯೋಜನೆ ನಡೆದಿದ್ದರೆ ಈ ನಿಧಿಯಲ್ಲಿ ಈಗ ಎಷ್ಟು ಹಣವಿದೆ, ಕೊನೆಯ ಸಲ ಯಾವಾಗ ಬಳಸಿದರು ಎಂದು ಕೇಳಿ ನೋಡಿ. ಆ ಒಂದು ಉತ್ತರದಿಂದ ಯೋಜನೆಯ ಆರೋಗ್ಯ ಗೊತ್ತಾಗುತ್ತದೆ.

ಇನ್ನು ದೇಶನೂರಿಗೆ ಮರಳೋಣ. ಈ ಜಲಾನಯನ ಅನುದಾನವೆಲ್ಲ ಮುಖ್ಯವಾಗಿ ಮಳೆಯನ್ನೇ ನಂಬಿದ ಭೂಮಿಗೆ. ಕಾಲುವೆಯ ನೀರು ಹರಿಯುವ ಸಿರುಗುಪ್ಪದ ಗದ್ದೆಗಳು ಅದರ ಎಲ್ಲೆಯ ಹೊರಗೆ. ಇಲ್ಲಿಯ ಕಾಲುವೆಗಳಿಗೆ ನೀರಾವರಿ ನಿಗಮ. ಗದ್ದೆಗಳಿಗೆ ಅಚ್ಚುಕಟ್ಟು ಅಭಿವೃದ್ಧಿ ಪ್ರಾಧಿಕಾರ. ಕುಡಿಯುವ ನೀರಿಗೆ ಗ್ರಾಮೀಣ ನೀರು ಸರಬರಾಜು ಇಲಾಖೆ. ಪಟ್ಟಣದ ಒಳಚರಂಡಿಗೆ ಬೇರೆ ಮಂಡಳಿ. ಹೊಳೆಯ ಮಾಲಿನ್ಯಕ್ಕೆ ಇನ್ನೊಂದು ಮಂಡಳಿ. ಒಂದೊಂದಕ್ಕೂ ಒಂದೊಂದು ಅನುದಾನ, ಒಂದೊಂದು ಲೆಕ್ಕಪುಸ್ತಕ. ನೀರು ಮಾತ್ರ ಈ ಗಡಿಗಳನ್ನು ಲೆಕ್ಕಿಸದೆ ಒಂದೇ ಆಗಿ ಹರಿಯುತ್ತದೆ. ಈ ತೊಡಕು ಎಷ್ಟು ದುಬಾರಿ ಎಂಬುದನ್ನು ಮೂರು ಉದಾಹರಣೆಗಳಲ್ಲಿ ನೋಡೋಣ. ಒಂದು ಹೂಳು, ಎರಡು ಉಪ್ಪು, ಮೂರು ಕೊಳೆ.

ಮೊದಲನೆಯದು ಹೂಳು. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಇತ್ತೀಚಿನ ಸಮೀಕ್ಷೆಯ ಪ್ರಕಾರ ಅದು ಸುಮಾರು 105.8 ಟಿಎಂಸಿ ಅಡಿ. ಅಂದರೆ 27 ಟಿಎಂಸಿ ಅಡಿಗಳಷ್ಟು ಜಾಗದಲ್ಲಿ ಈಗ ಮಣ್ಣು ಕುಳಿತಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಒಟ್ಟು ನಷ್ಟ 76,000 ಕೋಟಿ ಲೀಟರುಗಳಿಗೂ ಮೇಲು. ಆ ಮಣ್ಣು ಮೇಲಿನ ಜಿಲ್ಲೆಗಳ ಹೊಲ, ಕಾಡು, ಗುಡ್ಡಗಳಿಂದ ಬಂದದ್ದು. ಮೇಲೆ ಮಣ್ಣು ಕಳೆದುಕೊಂಡ ರೈತನಿಗೂ ನಷ್ಟ, ಕೆಳಗೆ ನೀರು ಕಳೆದುಕೊಂಡ ರೈತನಿಗೂ ನಷ್ಟ. ಅಣೆಕಟ್ಟಿನಲ್ಲಿ ನೀರು ಕಡಿಮೆಯಾದಾಗ ಎರಡನೆಯ ಬೆಳೆಗೆ ನೀರಿಲ್ಲ ಎಂಬ ಮಾತು ಕಾಲುವೆಯ ಕೊನೆ ಭಾಗದವರಿಗೆ ಮೊದಲು ತಟ್ಟುತ್ತದೆ. ಹೀಗೆ ನೋಡಿದರೆ ಹಾವೇರಿಯ ಒಣಭೂಮಿಯಲ್ಲಿ ಹಾಕಿದ ಬದು ಸಿರುಗುಪ್ಪದ ಗದ್ದೆಗೂ ಸಂಬಂಧಿಸಿದ್ದು. ಆದರೆ ಯಾವ ಲೆಕ್ಕಪುಸ್ತಕದಲ್ಲೂ ಇವೆರಡೂ ಒಂದೇ ಪುಟದಲ್ಲಿ ಬರುವುದಿಲ್ಲ.

ಎರಡನೆಯದು ಉಪ್ಪು. ತುಂಗಭದ್ರಾ ಯೋಜನೆ ರೂಪುಗೊಳ್ಳುವ ಮೊದಲೇ, 1937ರಲ್ಲಿ, ಸಿರುಗುಪ್ಪದಲ್ಲಿ ಒಂದು ಕೃಷಿ ಸಂಶೋಧನಾ ಕೇಂದ್ರವನ್ನು ತೆರೆದರು. ಎರೆಭೂಮಿಗೆ ನೀರು ಹಾಯಿಸಿದರೆ ಏನಾಗುತ್ತದೆ ಎಂದು ಮುಂಚಿತವಾಗಿ ತಿಳಿಯುವುದು ಅದರ ಉದ್ದೇಶ. ಎಷ್ಟು ದೂರದೃಷ್ಟಿ ನೋಡಿ! ಯೋಜನೆಯ ನೀರನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ ಹೆಚ್ಚು ಭೂಮಿಯಲ್ಲಿ ಹಂಚಬೇಕು ಎಂಬುದು ಮೂಲ ವಿಚಾರ. ಆದರೆ ನೀರು ಸಿಕ್ಕಲ್ಲೆಲ್ಲ ಭತ್ತ ಬಂತು. ಭತ್ತಕ್ಕೆ ಬೆಲೆಯಿದೆ, ಖರೀದಿಯಿದೆ, ರೈತನನ್ನು ದೂರುವಂತಿಲ್ಲ. ಫಲವೇನೆಂದರೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ 90,000 ಹೆಕ್ಟೇರಿಗೂ ಹೆಚ್ಚು ಭೂಮಿ ಸವಳು ಜವಳಾಗಿದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ.

ಸಿಹಿನೀರು ಹಾಯಿಸಿದ ಭೂಮಿ ಉಪ್ಪಾಗುವುದು ಹೇಗೆ? ವಿಜ್ಞಾನದ ವಿದ್ಯಾರ್ಥಿಗಳು ಈ ಲೆಕ್ಕ ಮಾಡಿ ನೋಡಿ. ಒಂದು ಲೀಟರ್ ಕಾಲುವೆ ನೀರಿನಲ್ಲಿ 200 ಮಿಲಿಗ್ರಾಂ ಲವಣ ಕರಗಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕುಡಿಯುವ ನೀರಿನಲ್ಲಿ 500 ಮಿಲಿಗ್ರಾಂವರೆಗೆ ಇರಬಹುದು. ಆದ್ದರಿಂದ ಇದು ಒಳ್ಳೆಯ ನೀರೇ. ಒಂದು ಹೆಕ್ಟೇರು ಭತ್ತಕ್ಕೆ ಒಂದು ಹಂಗಾಮಿನಲ್ಲಿ ಒಂದು ಮೀಟರು ಎತ್ತರದಷ್ಟು ನೀರು ಹಾಯಿಸಿದರೆ ಅದು ಒಂದು ಕೋಟಿ ಲೀಟರ್. ಅದರೊಂದಿಗೆ ಬಂದ ಲವಣ 2,000 ಕಿಲೋ, ಎರಡು ಟನ್ನು! ನೀರು ಆವಿಯಾಗಿ ಹೋಗುತ್ತದೆ, ಲವಣ ಆವಿಯಾಗುವುದಿಲ್ಲ. ಇದರ ಜೊತೆಗೆ ಅಂತರ್ಜಲ ಮೇಲೇರಿದಾಗ ಎರೆಮಣ್ಣಿನ ಆಳದಲ್ಲಿ ಮೊದಲೇ ಇದ್ದ ಲವಣವೂ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲಕ್ಕೆ ಬರುತ್ತದೆ. ಹೆಚ್ಚಿನ ನೀರು ಬಸಿದು ಹೋಗಲು ದಾರಿಯಿದ್ದರೆ ಲವಣವೂ ಅದರೊಂದಿಗೆ ಹೋಗುತ್ತದೆ. ದಾರಿಯಿಲ್ಲದಿದ್ದರೆ ನೆಲದ ಮೇಲೆ ಬಿಳಿಯ ಪೊರೆಯಾಗಿ ಕೂರುತ್ತದೆ. ಆದ್ದರಿಂದ ನೀರು ತರುವ ಕಾಲುವೆಯಷ್ಟೇ ನೀರು ಒಯ್ಯುವ ಬಸಿಗಾಲುವೆಯೂ ಮುಖ್ಯ. ಆದರೆ ಕಾಲುವೆಯ ಉದ್ಘಾಟನೆಗೆ ಸೇರುವ ಜನ ಬಸಿಗಾಲುವೆಯ ಹೂಳೆತ್ತಲು ಸೇರುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಂತೆ, ಭೂಮಿ ಸವಳಾದ ಮೇಲೆ ನಾವು ಬಸಿಗಾಲುವೆಯನ್ನು ನೆನೆಯುತ್ತೇವೆ.

ಇತ್ತೀಚಿನ ವರ್ಷಗಳಲ್ಲಿ ವಿಜಯನಗರ ಕಾಲದ ಕಾಲುವೆಗಳ ಆಧುನೀಕರಣಕ್ಕೆ ದೊಡ್ಡ ಮೊತ್ತ ಒದಗಿದೆ. 2019ರ ಡಿಸೆಂಬರ್ ಕೊನೆಗೆ ಏಷ್ಯಾ ಅಭಿವೃದ್ಧಿ ಬ್ಯಾಂಕು ಇದಕ್ಕಾಗಿ 9.1 ಕೋಟಿ ಡಾಲರಿನ ಸಾಲದ ಒಪ್ಪಂದಕ್ಕೆ ಸಹಿ ಹಾಕಿತು. ಗಮನಿಸಿ, ಇದು ಅನುದಾನವಲ್ಲ, ಸಾಲ. ಕಾಲುವೆಯ ನೀರು ಕುಡಿಯುವ ಗದ್ದೆಯವನಿಗೆ ಅದು ಪುಕ್ಕಟೆ ಬಂದಂತೆ ಕಂಡರೂ ತೀರಿಸುವ ಭಾರ ಸರ್ಕಾರದ ಮೇಲೆ, ಅಂದರೆ ನಾಳೆ ತೆರಿಗೆ ಕಟ್ಟುವ ನಿಮ್ಮ ಮೇಲೆ. ಕಾಲುವೆಗೆ ಕಾಂಕ್ರೀಟು ಹಾಕಿದರೆ ಸೋರುವ ನೀರು ಉಳಿಯುತ್ತದೆ, ನಿಜ. ಉಳಿದ ನೀರು ಕೊನೆ ಭಾಗದವನ ಹೊಲಕ್ಕೆ ಮುಟ್ಟಿತೇ, ಅಥವಾ ಮೇಲಿನ ತೂಬಿನಲ್ಲೇ ಇನ್ನಷ್ಟು ಭತ್ತಕ್ಕೆ ಹೋಯಿತೇ ಎಂಬುದನ್ನು ಅಳೆದಾಗ ಮಾತ್ರ ಆ ಸಾಲ ಸಾರ್ಥಕವಾಯಿತೋ ಇಲ್ಲವೋ ತಿಳಿಯುತ್ತದೆ.

ಮೂರನೆಯದು ಕೊಳೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದೀಪಾತ್ರಗಳ ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದವು 17; ತುಂಗಾ, ಭದ್ರಾ, ತುಂಗಭದ್ರಾ ಮೂರೂ ಆ ಪಟ್ಟಿಯಲ್ಲಿದ್ದವು. ಕೆಲವು ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ ಸುದ್ದಿಯನ್ನು ನೀವು ಓದಿರಬಹುದು. ಚರಂಡಿಯ ನೀರು ಮತ್ತು ಹೊಲದ ಗೊಬ್ಬರದಿಂದ ಬಂದ ಸಾರಜನಕ, ರಂಜಕಗಳು ಪಾಚಿಗೆ ಹಬ್ಬದೂಟ. ಇತ್ತ ಬಳ್ಳಾರಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡಿನ ತೊಂದರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ, ನೈಟ್ರೇಟು 45 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ.

ಇದಕ್ಕೂ ಅನುದಾನಗಳಿವೆ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60ನ್ನು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ತನ್ನ ಹಣದಲ್ಲಿ ಶೇಕಡಾ 2ರವರೆಗೆ ನೀರಿನ ಗುಣಮಟ್ಟದ ಪರೀಕ್ಷೆಗೆ ಇಟ್ಟಿತು. ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆ ಬಳಸುವ ತರಬೇತಿ ಕೊಡಬೇಕೆಂದಿತು. ಇದು ಒಳ್ಳೆಯ ಹೆಜ್ಜೆ. ಆದರೆ ಆ ಐವರು ಬರೆದಿಟ್ಟ ಅಂಕಿಗಳನ್ನು ನೋಡಿ ಮೇಲಿನ ಊರಿನ ಚರಂಡಿಯನ್ನು ಸರಿಪಡಿಸುವವರು ಯಾರು? ಅಲ್ಲಿಗೆ ಮತ್ತೆ ಇಲಾಖೆ ಬದಲಾಗುತ್ತದೆ.

ನಮ್ಮ ದೂರದರ್ಶನದ ಕ್ಯಾಮೆರಾಕ್ಕೂ ಒಂದು ಮಿತಿಯಿದೆ. ಮಳೆಗಾಲದಲ್ಲಿ ತುಂಬಿ ಹೊರಚೆಲ್ಲುವ ತಡೆ ಅಣೆಯ ದೃಶ್ಯ ಪರದೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲಿ ಮೊತ್ತ ಬರೆದ ನಾಮಫಲಕವೂ ಇರುತ್ತದೆ. ಆದರೆ ನೆಲದಡಿಯಲ್ಲಿ ಒಂದು ಅಡಿ ಏರಿದ ಅಂತರ್ಜಲವನ್ನು, ಹೊಲದಲ್ಲೇ ಉಳಿದುಕೊಂಡ ಮಣ್ಣನ್ನು, ನೀರಿನಲ್ಲಿ ಕಡಿಮೆಯಾದ ನೈಟ್ರೇಟನ್ನು ಚಿತ್ರೀಕರಿಸಲು ಆಗುವುದಿಲ್ಲ. ಕಣ್ಣಿಗೆ ಕಾಣುವುದನ್ನು ಕಟ್ಟುವ ಆಸೆ ಯೋಜನೆ ಮಾಡುವವರಿಗೂ ಇದೆ, ತೋರಿಸುವ ನಮಗೂ ಇದೆ, ನೋಡುವ ನಿಮಗೂ ಇದೆ. ಕಾಣದ್ದನ್ನು ಕಾಣಿಸುವ ಸಾಧನ ಅಳತೆಯೊಂದೇ.

ಮೇಲಿನವರನ್ನೂ ಕೆಳಗಿನವರನ್ನೂ ಒಂದೇ ಲೆಕ್ಕದಲ್ಲಿ ತರಲು ಸಾಧ್ಯವೇ? ಸಾಧ್ಯವೆಂದು ತೋರಿಸಿದವರಿದ್ದಾರೆ. ಚಂಡೀಗಢದಲ್ಲಿ 1958ರಲ್ಲಿ ಸುಖ್ನಾ ಎಂಬ ಸರೋವರ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಹೂಳಿನಿಂದ ತುಂಬತೊಡಗಿತು. ಮಣ್ಣು ಬರುತ್ತಿದ್ದದ್ದು ಮೇಲಿನ ಶಿವಾಲಿಕ್ ಗುಡ್ಡಗಳಿಂದ. ಅಲ್ಲಿಯ ಸುಖೋಮಾಜ್ರಿ ಎಂಬ ಬಡ ಹಳ್ಳಿಯ ಜನ ಬೇರೆ ದಾರಿಯಿಲ್ಲದೆ ಗುಡ್ಡದಲ್ಲಿ ಆಡು ಮೇಯಿಸುತ್ತಿದ್ದರು. ನಮ್ಮ ಬಳ್ಳಾರಿ ಕೇಂದ್ರದ ಸೋದರ ಸಂಸ್ಥೆಯಾದ ಚಂಡೀಗಢದ ಮಣ್ಣು ಸಂರಕ್ಷಣಾ ಕೇಂದ್ರದ ಪಿ.ಆರ್. ಮಿಶ್ರಾ 1970ರ ದಶಕದಲ್ಲಿ ಆ ಹಳ್ಳಿಯಲ್ಲಿ ಸಣ್ಣ ಮಣ್ಣಿನ ಅಣೆಗಳನ್ನು ಕಟ್ಟಿಸಿದರು. ಅಣೆಯ ನೀರಿನಲ್ಲಿ ಭೂಮಿ ಇದ್ದವನಿಗೂ ಇಲ್ಲದವನಿಗೂ ಸಮಪಾಲು ಎಂದು ನಿಯಮವಾಯಿತು. ಪ್ರತಿಯಾಗಿ ಜನರೇ ಗುಡ್ಡವನ್ನು ಕಾಯತೊಡಗಿದರು. ಬೇಲಿ ಬೇಕಾಗಲಿಲ್ಲ. ಹಳ್ಳಿಗೆ ಬೆಳೆ ಬಂತು, ಆ ಕಡೆಯಿಂದ ಸರೋವರಕ್ಕೆ ಇಳಿಯುತ್ತಿದ್ದ ಮಣ್ಣು ಕಡಿಮೆಯಾಯಿತು. ಅಮೆರಿಕದ ನ್ಯೂಯಾರ್ಕ್ ನಗರವೂ 1997ರಲ್ಲಿ ಇಂಥದೇ ಒಪ್ಪಂದ ಮಾಡಿಕೊಂಡಿತು. ನೂರಾರು ಕೋಟಿ ಡಾಲರು ಖರ್ಚು ಮಾಡಿ ದೈತ್ಯ ಶುದ್ಧೀಕರಣ ಘಟಕ ಕಟ್ಟುವ ಬದಲು, ತನಗೆ ನೀರು ಕೊಡುವ ಬೆಟ್ಟಗಳ ರೈತರಿಗೂ ಊರುಗಳಿಗೂ ಹಣ ಕೊಟ್ಟು ನೀರನ್ನು ಮೂಲದಲ್ಲೇ ಶುದ್ಧವಾಗಿ ಉಳಿಸುವ ದಾರಿ ಹಿಡಿಯಿತು.

ಕರ್ನಾಟಕವೂ ಹಿಂದೆ ಬಿದ್ದಿಲ್ಲ. ವಿಶ್ವಬ್ಯಾಂಕಿನ ನೆರವಿನ ಸುಜಲ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಅದರಲ್ಲಿ ಉಪಗ್ರಹ ಚಿತ್ರಗಳಿಂದ ಮೊದಲಿನ ಮತ್ತು ನಂತರದ ಸ್ಥಿತಿಯನ್ನು ಹೋಲಿಸುವ ವ್ಯವಸ್ಥೆ ಇತ್ತು. ಚಿತ್ರದುರ್ಗದ ಕೆಲಸ ಹಗರಿಯ ಜಲಾನಯನಕ್ಕೆ, ಹಾವೇರಿಯದು ತುಂಗಭದ್ರೆಯ ಜಲಾನಯನಕ್ಕೆ ಸಂಬಂಧಿಸಿದ್ದು ಎಂಬುದನ್ನು ಮರೆಯಬೇಡಿ. 2012ರಿಂದ ನಡೆದ ಸುಜಲ ಮೂರನೆಯ ಹಂತದಲ್ಲಿ ಹೊಲಹೊಲದ ಮಣ್ಣಿನ ವಿವರವನ್ನು ದಾಖಲಿಸುವ ಕೆಲಸ ಆಯಿತು. 2021ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ರಿವಾರ್ಡ್ ಕಾರ್ಯಕ್ರಮದಲ್ಲಿ ಕರ್ನಾಟಕದ ಪಾಲು 6 ಕೋಟಿ ಡಾಲರು. ಇದರ ವಿಶೇಷವೆಂದರೆ ಖರ್ಚಿನ ರಸೀದಿ ತೋರಿಸಿದರೆ ಸಾಲದು. ಒಪ್ಪಿದ ಫಲಿತಾಂಶ ತೋರಿಸಿದ ಮೇಲೆ ಹಣ ಬಿಡುಗಡೆ. ಅಳತೆಗೆ ಬೆಲೆ ಬಂದಿದೆ ಎಂಬುದಕ್ಕೆ ಇದೊಂದು ಗುರುತು. ಆದರೆ ಅಳೆಯಬೇಕಾದ ಫಲ ಯಾವುದು ಎಂಬುದನ್ನು ಸರಿಯಾಗಿ ಆರಿಸಬೇಕು. ಎಷ್ಟು ಬದು ಹಾಕಿದೆವು ಎಂಬುದು ಕೆಲಸದ ಲೆಕ್ಕ. ಹಳ್ಳದ ನೀರು ಎಷ್ಟು ತಿಳಿಯಾಯಿತು ಎಂಬುದು ಫಲದ ಲೆಕ್ಕ.

ಇನ್ನೊಂದು ಮಾತು ಪಾಲನೆಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ದುಡಿದ ಗೇಟು ಅದು. ದೊಡ್ಡ ಅಣೆಕಟ್ಟಿನ ಗೇಟಿಗೆ ಅನ್ವಯಿಸುವ ಮಾತು ಊರಿನ ಸಣ್ಣ ತಡೆ ಅಣೆಗೂ, ಬಸಿಗಾಲುವೆಗೂ, ಶುದ್ಧ ಕುಡಿಯುವ ನೀರಿನ ಘಟಕಕ್ಕೂ ಅನ್ವಯಿಸುತ್ತದೆ. ಕಟ್ಟುವುದಕ್ಕೆ ಒಮ್ಮೆ ಹಣ ಸಾಕು. ಉಳಿಸುವುದಕ್ಕೆ ಪ್ರತಿವರ್ಷ ಹಣವೂ ಬೇಕು, ಹೊಣೆ ಹೊತ್ತ ಕೈಗಳೂ ಬೇಕು.

ಹಾಗಾದರೆ ವಿದ್ಯಾರ್ಥಿಗಳಾದ ನೀವು ಏನು ಮಾಡಬಹುದು? ನಿಮ್ಮ ಊರಿನಲ್ಲಿ ನೀರಿನ ಹೆಸರಿನ ಯಾವ ಕಾಮಗಾರಿ ಕಂಡರೂ ನಾಲ್ಕು ಪ್ರಶ್ನೆ ಕೇಳಿ. ಈ ನೀರು ಎಲ್ಲಿಂದ ಬರುತ್ತದೆ? ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಇದನ್ನು ಅಳೆಯುವವರು ಯಾರು? ಅನುದಾನ ಮುಗಿದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ಉತ್ತರ ಕೇಳಲು ಗ್ರಾಮಸಭೆಯಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಕೇಳುವುದಷ್ಟೇ ಅಲ್ಲ, ನೀವೇ ಅಳೆಯಲೂಬಹುದು. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಟ್ಟು ಪ್ರತಿದಿನ ಬರೆದಿಡಿ. ಊರಿನ ಒಂದು ತೆರೆದ ಬಾವಿಯನ್ನು ಆರಿಸಿ, ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ದೊಡ್ಡವರನ್ನು ಜೊತೆಗೆ ಕರೆದುಕೊಂಡು, ನೀರಿನ ಮಟ್ಟವನ್ನು ಹಗ್ಗ ಇಳಿಬಿಟ್ಟು ಅಳೆಯಿರಿ. ಪಂಚಾಯಿತಿಯ ಪರೀಕ್ಷಾ ಪೆಟ್ಟಿಗೆಯಿಂದ ನೈಟ್ರೇಟು, ಫ್ಲೋರೈಡು ನೋಡುವುದನ್ನು ಕಲಿಯಿರಿ. ಒಂದು ವರ್ಷದ ಅಂಕಿಗೆ ಬೆಲೆ ಕಡಿಮೆ. ನೀವು ಶಾಲೆ ಬಿಡುವಾಗ ಆ ಪುಸ್ತಕವನ್ನು ಕಿರಿಯರ ಕೈಗೆ ಕೊಟ್ಟರೆ ಹತ್ತು ವರ್ಷಕ್ಕೆ ಅದು ಯಾವ ಇಲಾಖೆಯಲ್ಲೂ ಸಿಗದ ದಾಖಲೆಯಾಗುತ್ತದೆ.

ದೇಶನೂರಿನ ಕಾಲುವೆಯನ್ನು ತೋಡಿದವರ ಹೆಸರು ನಮಗೆ ಗೊತ್ತಿಲ್ಲ. ಆದರೆ ಹೂಳು ತುಂಬಿದಾಗಲೆಲ್ಲ ಯಾರೋ ಎತ್ತಿದ್ದರಿಂದ, ದಂಡೆ ಕುಸಿದಾಗಲೆಲ್ಲ ಯಾರೋ ಕಟ್ಟಿದ್ದರಿಂದ, ಶತಮಾನಗಳು ಕಳೆದರೂ ಅದರ ಹೆಸರು ಇನ್ನೂ ಪಟ್ಟಿಯಲ್ಲಿದೆ. ಇಂದಿನ ಅನುದಾನಗಳ ಮೊತ್ತ ಆ ಕಾಲದವರು ಊಹಿಸಲಾರದಷ್ಟು ದೊಡ್ಡದು. ಮೇಲಿನವರ ಮಣ್ಣು, ಕೆಳಗಿನವರ ನೀರು ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆಯಲು ನಾವು ಕಲಿತರೆ ಆ ಹಣ ಅಷ್ಟೇ ಕಾಲ ಬಾಳುತ್ತದೆ. ಆ ಲೆಕ್ಕ ಬರೆಯುವ ಕೈ ನಿಮ್ಮದಾಗಲಿ.